ಫೋಟೊ ಕೋಟು

ಮಾರ್ಚ್ 17, ಮಂಗಳವಾರ, ಬೆಳಿಗ್ಗೆ 9.25. ತಾನು ಹದಿನಾಲ್ಕು ದಿನಗಳ ಹಿಂದೆಯೇ ದೇಶ ಬಿಟ್ಟು ಹೋಗಿರುವುದಾಗಿ ಸರ್ಕಾರಿ ದಾಖಲೆಯಲ್ಲಿದೆ ಎಂದು ಒಬ್ಬ ಅಡುಗೆಯವನು ಠಾಣೆಗೆ ಬಂದು ದೂರು ಕೊಟ್ಟ.

ವಯಸ್ಸು ನಲವತ್ತನಾಲ್ಕು. ಸಣಕಲು ಮೈ, ಅರ್ಧ ಬೋಳು ನೆತ್ತಿ, ದಪ್ಪ ಮೀಸೆ. ಒಂಬತ್ತು ವರ್ಷಗಳ ಹಿಂದೆ ಕೆಲಸದ ಪರವಾನಗಿಯ ಮೇಲೆ ಈ ದೇಶಕ್ಕೆ ಬಂದವನು. ಕಟ್ಟಡ ಕಂಪನಿಯೊಂದರ ಕೆಲಸಗಾರರ ವಸತಿಯಲ್ಲಿ ದಿನಕ್ಕೆ ಎರಡು ಹೊತ್ತು ನಾನೂರು ಜನರಿಗೆ ಬೇಯಿಸುತ್ತಾನೆ. ಅವನ ಪಕ್ಕದಲ್ಲಿ ಅದೇ ವಸತಿಯ ಹಾಜರಿ ಗುಮಾಸ್ತರು ಕೂತಿದ್ದರು. ಐವತ್ತೆಂಟರ ಮನುಷ್ಯ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಕೆಲಸಗಾರರು ಅವರನ್ನು ಕರೆಯುವುದು ರಿಜಿಸ್ಟರ್ ಮಾಮ ಎಂದು. ದೂರನ್ನು ಬರೆದವರೂ ಅವರೇ. ಮೂರು ಪ್ರತಿ, ಎಡಗಡೆ ಅಂಚು ಬಿಟ್ಟು, ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ ತಂದಿದ್ದರು.

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದರು.

"ಯಾರು ದೇಶ ಬಿಟ್ಟು ಹೋದದ್ದು?"

"ನಾನೇ ಹೋಗಿದ್ದೀನಂತೆ ಸಾರ್."

"ಎಲ್ಲಿಗೆ?"

"ಊರಿಗೆ."

"ಹಾಗಾದ್ರೆ ಇಲ್ಲಿ ಕೂತಿರೋದು?"

"ಅದೂ ನಾನೇ."

ಬಾಗಿಲ ಹತ್ತಿರ ನಿಂತಿದ್ದ ದಫೇದಾರರು ಕೆಮ್ಮಿದರು. "ಸಾರ್, ಎಮ್ಮೆ ಕಳೆದುಹೋಗಿದೆ ಅಂತ ಎಮ್ಮೇನೇ ಬಂದು ದೂರು ಕೊಟ್ಟ ಹಾಗಾಯ್ತು."

ಅಡುಗೆಯವನು ನಗಲಿಲ್ಲ. ವಿವರ ಹೇಳಿದವರು ಗುಮಾಸ್ತರು. ಅಡುಗೆಯವನ ಪರವಾನಗಿ ಇದೇ 23ರ ಸೋಮವಾರ ಮುಗಿಯುತ್ತದೆ. ನವೀಕರಣದ ಅರ್ಜಿಯನ್ನು ಕಂಪನಿಯ ಪರವಾಗಿ ಅವರು ನಿನ್ನೆ ಕೊಟ್ಟಿದ್ದರು. ಪರವಾನಗಿ ಕಚೇರಿ ಹತ್ತು ನಿಮಿಷದಲ್ಲಿ ಅದನ್ನು ಹಿಂತಿರುಗಿಸಿತು. ಕಾರಣ: ‘ಸದರಿಯವರು ಮಾರ್ಚ್ 3ರಂದು ಬೆಳಿಗ್ಗೆ 10.40ಕ್ಕೆ ವಿಮಾನ ನಿಲ್ದಾಣದ ಮೂಲಕ ನಿರ್ಗಮಿಸಿದ್ದಾರೆ. ಪರವಾನಗಿ ರದ್ದಾಗಿದೆ.’

"ಇವನ ಹೆಂಡತಿ, ಮಗಳು ಇಲ್ಲಿರೋದು ಇವನ ಪರವಾನಗಿ ಮೇಲೆ," ಗುಮಾಸ್ತರು ಹೇಳಿದರು. "ಇವನದು ಬಿದ್ರೆ ಅವರದೂ ಬೀಳುತ್ತೆ. ಸೋಮವಾರ ಸಂಜೆ ಐದರ ನಂತರ ಮೂರು ಜನರೂ ಅಕ್ರಮ ವಾಸಿಗಳು. ಹಿಡಿದು ಕಳಿಸ್ತಾರೆ, ಐದು ವರ್ಷ ಮತ್ತೆ ಬರೋ ಹಾಗಿಲ್ಲ."

"ದಾಖಲೆ ತಿದ್ದೋಕೆ ಆಗಲ್ವಾ?"

"ಆಗುತ್ತೆ. ಕಾರ್ಡಿನ ಅವಧಿ ಮುಗಿಯೋದ್ರೊಳಗೆ, ಇವನ ಬದಲು ಹೋದವನು ಯಾರು ಅಂತ ಪೊಲೀಸ್ ವರದಿ ಕೊಡಬೇಕು. ಎಫ್‌ಐಆರ್ ಪ್ರತಿ ಲಗತ್ತಿಸಬೇಕು. ನಿಯಮ ನಲವತ್ತೊಂದು, ಉಪನಿಯಮ ಮೂರು."

"ನಿಮಗೆ ನಿಯಮ ಬಾಯಿಪಾಠವಾ?"

"ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ ಸಾರ್."

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಬೇರೊಬ್ಬರ ಗುರುತಿನಲ್ಲಿ ಗಡಿ ದಾಟಿದ್ದು, ಸರ್ಕಾರಕ್ಕೆ ವಂಚನೆ. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬರೆಯಲಾಯಿತು.

ಇಂಥ ಪ್ರಕರಣಗಳಲ್ಲಿ ಮೊದಲ ಅನುಮಾನ ದೂರುದಾರನ ಮೇಲೆಯೇ. ಪಾಸ್‌ಪೋರ್ಟನ್ನು ಯಾರಿಗೋ ಮಾರಿ, ಆಮೇಲೆ ಕಳೆದುಹೋಯಿತೆಂದು ಬಾಯಿ ಬಡಿದುಕೊಳ್ಳುವವರು ವರ್ಷಕ್ಕೆ ನಾಲ್ಕು ಮಂದಿಯಾದರೂ ಠಾಣೆಗೆ ಬರುತ್ತಾರೆ.

"ನಿಮ್ಮ ಪಾಸ್‌ಪೋರ್ಟ್ ಎಲ್ಲಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ವಸತೀಲಿ. ಬೀರುವಿನಲ್ಲಿ. ಎಲ್ಲರದ್ದೂ ಅಲ್ಲೇ ಇರುತ್ತೆ."

"ಈಗಲೂ ಇದೆಯಾ?"

ಅಡುಗೆಯವನು ಗುಮಾಸ್ತರ ಮುಖ ನೋಡಿದ. ಗುಮಾಸ್ತರು ಮೇಜಿನ ಮೇಲಿದ್ದ ಪ್ರತಿಗಳ ಅಂಚು ಸರಿಮಾಡುತ್ತ, "ಬಂದು ನೋಡಿ ಸಾರ್" ಎಂದರು.

11.30ಕ್ಕೆ ಇನ್ಸ್‌ಪೆಕ್ಟರ್, ದಫೇದಾರ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ವಸತಿಗೆ ಹೋದರು. ನಾಲ್ಕು ಮಹಡಿಯ ಕಟ್ಟಡ, ಒಂದೊಂದು ಕೋಣೆಯಲ್ಲಿ ಎಂಟು ಮಂಚ. ನೆಲಮಹಡಿಯಲ್ಲಿ ಗುಮಾಸ್ತರ ಕೋಣೆ. ಕಬ್ಬಿಣದ ಬೀರುವಿನಲ್ಲಿ 412 ಪಾಸ್‌ಪೋರ್ಟ್‌ಗಳಿದ್ದವು. ಕೋಣೆವಾರು ಕಟ್ಟು, ಪ್ರತಿ ಕಟ್ಟಿಗೂ ಬಿಳಿ ಲಾಡಿ, ಮೇಲೊಂದು ಚೀಟಿ. ಬೀರುವಿನ ಕೀ ಇರುವುದು ಗುಮಾಸ್ತರ ಸೊಂಟದಲ್ಲಿ ಮಾತ್ರ. ಇಬ್ಬರು ಗಾರೆಯವರನ್ನು ಪಂಚರಾಗಿ ಕರೆದು ಏಳನೇ ಕಟ್ಟನ್ನು ಬಿಚ್ಚಲಾಯಿತು.

ಅಡುಗೆಯವನ ಪಾಸ್‌ಪೋರ್ಟ್ ಅಲ್ಲೇ ಇತ್ತು.

ಇನ್ಸ್‌ಪೆಕ್ಟರ್ ಪುಟ ತಿರುವಿದರು. ಹದಿನೆಂಟನೇ ಪುಟದಲ್ಲಿ ಮಾರ್ಚ್ 3ರ ದಿನಾಂಕದ ನಿರ್ಗಮನ ಮುದ್ರೆ. ಅದರ ಕೆಳಗೆ, ಅದೇ ದಿನ ಅಡುಗೆಯವನ ಸ್ವಂತ ದೇಶಕ್ಕೆ ಒಳಬಂದ ಮುದ್ರೆ. ಮರಳಿ ಇಲ್ಲಿಗೆ ಬಂದ ಮುದ್ರೆ ಇಲ್ಲ.

"ಕಳುವಾಗಿದ್ರೆ ಕೇಸು ಸುಲಭವಾಗಿತ್ತು," ದಫೇದಾರರು ಹೇಳಿದರು. "ಇದು ಹೋಗಿದೆ, ಬಂದಿದೆ. ಆದ್ರೆ ತಂದವನು ಬಂದಿಲ್ಲ. ರೆಕ್ಕೆ ಇತ್ತಾ ಇದಕ್ಕೆ?"

ಪಂಚನಾಮೆ ಬರೆದು ಮುಗಿಸಲು ಒಂದು ಗಂಟೆ ಹಿಡಿಯಿತು. ‘ಮರಳಿ ಬಂದ ಮುದ್ರೆ ಕಂಡುಬರುವುದಿಲ್ಲ’ ಎಂಬ ಸಾಲನ್ನು ಪಂಚರಲ್ಲೊಬ್ಬ ಮೂರು ಸಲ ಓದಿಸಿಕೊಂಡು, ತಲೆ ಕೆರೆದುಕೊಂಡು ಸಹಿ ಮಾಡಿದ.

ಹಾಜರಿ ಪುಸ್ತಕದಲ್ಲಿ ಮಾರ್ಚ್ 3ರಂದು ಅಡುಗೆಯವನ ಹೆಸರಿನ ಮುಂದೆ ಹಸಿರು ಶಾಯಿಯಲ್ಲಿ ‘ಹಾ’ ಎಂದಿತ್ತು. ನಂತರದ ದಿನಗಳಲ್ಲೂ ಹಾಗೆಯೇ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಗಸನ್ನು ಕಾನ್‌ಸ್ಟೇಬಲ್ ವಿಚಾರಿಸಿದಳು.

"ಮೂರನೇ ತಾರೀಖು ಇವರು ಇದ್ರಾ?"

"ಇದ್ರಮ್ಮ. ಅವತ್ತೇ ಉಪ್ಪು ಎರಡು ಸಲ ಹಾಕಿದ್ದು. ನಂಬಿಕೆ ಇಲ್ದಿದ್ರೆ ಮೇಲೆ ಹೋಗಿ ಕೇಳಿ, ನಾನೂರು ಜನ ಸಾಕ್ಷಿ ಇದಾರೆ. ಇನ್ನೂ ಬೈತಾ ಇದಾರೆ."

ಸಂಜೆ ನಾಲ್ಕಕ್ಕೆ ಕಾನ್‌ಸ್ಟೇಬಲ್ ಅಡುಗೆಯವನ ಮನೆಗೆ ಹೋದಳು. ಅಂಗಡಿಸಾಲಿನ ಮೇಲಿನ ಒಂದೇ ಕೋಣೆ. ಶಾಲೆಯಿಂದ ಆಗಷ್ಟೇ ಬಂದ ಹತ್ತು ವರ್ಷದ ಮಗಳು ಮಂಚದ ಮೇಲೆ ಭೂಪಟ ಹರಡಿಕೊಂಡು ನದಿಗಳಿಗೆ ನೀಲಿ ತುಂಬುತ್ತಿದ್ದಳು. ಬರುವ ತಿಂಗಳು ಅವಳಿಗೆ ಪರೀಕ್ಷೆ.

"ನಿಮ್ಮ ಯಜಮಾನರು ಮೂರನೇ ತಾರೀಖು ಎಲ್ಲಿದ್ರು?"

"ಊರಿಗೆ ಹೋಗಿದ್ರಂತಲ್ಲ," ಹೆಂಡತಿ ಹೇಳಿದಳು. "ಊರಿಗೆ ಹೋದೋರು ಸಂಜೆ ಏಳಕ್ಕೆ ಬಂದು, ಒದ್ದೆ ಚಪ್ಪಲಿ ಮೆಟ್ಕೊಂಡು ಒಳಗೆ ನುಗ್ಗಿ, ನನ್ ಹತ್ರ ಬೈಸ್ಕೊಂಡ್ರು. ಒಂಬತ್ತು ವರ್ಷದಲ್ಲಿ ಎರಡು ಸಲ ಊರಿಗೆ ಕರ್ಕೊಂಡು ಹೋಗಿದಾರೆ. ನನ್ನ ಬಿಟ್ಟು ಒಬ್ರೇ ಹೋಗೋ ಧೈರ್ಯ ಇದ್ದಿದ್ರೆ ನಾನೇ ಮೆಚ್ಕೋತಿದ್ದೆ." ಅಷ್ಟು ಹೇಳಿ ಮಗಳತ್ತ ನೋಡಿ ದನಿ ತಗ್ಗಿಸಿದಳು. "ಅವಳಿಗೆ ಇನ್ನೂ ಹೇಳಿಲ್ಲ. ಸೋಮವಾರ ಏನಾಗುತ್ತಮ್ಮ?"

ಕಾನ್‌ಸ್ಟೇಬಲ್ ಹೇಳಿಕೆಗೆ ಸಹಿ ಹಾಕಿಸಿಕೊಂಡು ಬಂದಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಒಂದು ಹಾಳೆಯ ಮೇಲೆ ಮೂರು ಸಾಲು ಬರೆದಿಟ್ಟಿದ್ದರು. ಅಡುಗೆಯವನು ಹೋಗಿಲ್ಲ. ಪಾಸ್‌ಪೋರ್ಟ್ ಹೋಗಿದೆ. ಪಾಸ್‌ಪೋರ್ಟ್ ಇಲ್ಲಿದೆ. ಮೂರಕ್ಕೂ ಸಾಕ್ಷಿ ಇತ್ತು. ಒಂದನ್ನು ಹೊಡೆದುಹಾಕಿದರೆ ಉಳಿದೆರಡು ಸರಿಹೋಗುತ್ತವೆ, ಆದರೆ ಯಾವುದನ್ನು ಹೊಡೆದುಹಾಕಬೇಕೆಂದು ತಿಳಿಯಲಿಲ್ಲ.

ಮಾರ್ಚ್ 18, ಬುಧವಾರ, ಬೆಳಿಗ್ಗೆ 10.15. ವಿಮಾನ ನಿಲ್ದಾಣದ ಭದ್ರತಾ ಕೊಠಡಿಯಲ್ಲಿ ಮೂರನೇ ತಾರೀಖಿನ ದೃಶ್ಯ ತೋರಿಸಿದರು. 10.31ಕ್ಕೆ ಸಾಲಿನಲ್ಲಿ ಒಬ್ಬ ಸಣಕಲು ಮನುಷ್ಯ. ಅರ್ಧ ಬೋಳು, ದಪ್ಪ ಮೀಸೆ. ಮೈಮೇಲೆ ಕಡುನೀಲಿ ಕೋಟು, ಭುಜದಲ್ಲಿ ಎರಡು ಬೆರಳು ದೊಡ್ಡದು. ಲೋಹ ಪತ್ತೆಮಾಡುವ ಚೌಕಟ್ಟನ್ನು ದಾಟಿದಾಗ ಯಂತ್ರ ಕೂಗಿತು. ಕಾವಲಿನವನು ಪಕ್ಕಕ್ಕೆ ಕರೆದ. ಆ ಮನುಷ್ಯ ಬಗ್ಗಿ ಎಡಗಾಲಿನ ಪ್ಯಾಂಟು ಮಡಚಿ ತೋರಿಸಿದ. ಕಾವಲಿನವನು ಮುಖ ಹಿಂಡಿಕೊಂಡು, ಹೋಗೆಂದು ಕೈ ಬೀಸಿದ. ಅಲ್ಲಿನ ಪುಸ್ತಕದಲ್ಲಿ ದಾಖಲೆಯಿತ್ತು: ‘ಎಡಗಾಲು, ಶಸ್ತ್ರಚಿಕಿತ್ಸೆಯ ಲೋಹ, ಗಾಯ ಕೀವುಗಟ್ಟಿದೆ, ಬಿಡಲಾಗಿದೆ.’

ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತಿದ ಅಧಿಕಾರಿಯನ್ನು ಕರೆಸಿದರು. ಹೊರಹೋಗುವವರ ಬೆರಳಚ್ಚು ತೆಗೆಯುವುದಿಲ್ಲ, ಒಳಬರುವವರದ್ದು ಮಾತ್ರ ಎಂದು ಅವನು ವಿವರಿಸಿದ.

"ಮುಖ ಹೋಲಿಸಿದ್ರಾ?"

"ಹೋಲಿಸಿದೆ ಸಾರ್. ಫೋಟೊದಲ್ಲಿ ನೀಲಿ ಕೋಟು ಇತ್ತು, ಎದುರಿಗಿದ್ದವನೂ ನೀಲಿ ಕೋಟು ಹಾಕಿದ್ದ."

"ನಾನು ಕೇಳಿದ್ದು ಮುಖ."

"ಮುಖ... ಮೀಸೆ ಇತ್ತು ಸಾರ್."

ಇನ್ಸ್‌ಪೆಕ್ಟರ್ ದೃಶ್ಯವನ್ನು ನಿಲ್ಲಿಸಿ ದೊಡ್ಡದು ಮಾಡಿಸಿದರು. ಕೋಟಿನ ಮೂರನೇ ಗುಂಡಿ ಬಿಳಿ. ಉಳಿದವು ಕಪ್ಪು. ಜಪ್ತಿ ಮಾಡಿದ ಪಾಸ್‌ಪೋರ್ಟ್ ತೆಗೆದು ಅಡುಗೆಯವನ ಫೋಟೊ ನೋಡಿದರು. ಅಲ್ಲೂ ಕಡುನೀಲಿ ಕೋಟು. ಮೂರನೇ ಗುಂಡಿ ಬಿಳಿ.

ಮಧ್ಯಾಹ್ನ ಅಡುಗೆಯವನನ್ನು ಮತ್ತೆ ಕರೆಸಿದರು. ಮೊದಲು ಅವನ ಎಡಗಾಲು ನೋಡಿದರು. ಎಣ್ಣೆ ಸಿಡಿದ ಕಲೆಗಳಿದ್ದವು, ಬೇರೇನೂ ಇರಲಿಲ್ಲ.

"ಈ ಕೋಟು ನಿಮ್ಮದಾ?"

"ನನ್ನದೆಲ್ಲಿ ಬಂತು ಸಾರ್. ಅದು ಫೋಟೊ ಕೋಟು."

"ಅಂದ್ರೆ?"

"ಎದುರುಗಡೆ ಸ್ಟುಡಿಯೋದ್ದು. ಪಾಸ್‌ಪೋರ್ಟ್‌ಗೆ, ಪರವಾನಗಿಗೆ ಫೋಟೊ ಬೇಕಾದ್ರೆ ಎಲ್ಲರೂ ಅದನ್ನೇ ಹಾಕ್ಕೊಳ್ಳೋದು. ಅಂಗಿ ಮೇಲೆ ಸಿಮೆಂಟು ಇರುತ್ತಲ್ಲ ಸಾರ್."

ಕಾನ್‌ಸ್ಟೇಬಲ್ ವಸತಿಗೆ ಹೋಗಿ ಬೀರು ತೆಗೆಸಿ ಒಂದೊಂದೇ ಕಟ್ಟು ಬಿಚ್ಚಿದಳು. ಎರಡು ಗಂಟೆಯ ಕೆಲಸ. ಜಪ್ತಿಯಾದದ್ದೂ ಸೇರಿ 412ರಲ್ಲಿ 263 ಜನರ ಎದೆಯ ಮೇಲೆ ಅದೇ ಬಿಳಿ ಗುಂಡಿ.

"ಅಲ್ಲ ಸಾರ್," ದಫೇದಾರರು ಹೇಳಿದರು, "ಇನ್ನೂರ ಅರವತ್ತಮೂರು ಮದುಮಕ್ಕಳಿಗೆ ಒಂದೇ ಬಾಸಿಂಗ!"

ಸ್ಟುಡಿಯೋ ವಸತಿಯ ಗೇಟಿಗೆ ಎದುರಾಗಿತ್ತು. ಬಿಳಿ ಪರದೆ, ಸ್ಟೂಲು, ಬಾಚಣಿಗೆ ಕಟ್ಟಿದ ಕನ್ನಡಿ. ಕೋಟು ಮೊಳೆಗೆ ತೂಗುಹಾಕಿತ್ತು.

"ಈ ಕೋಟು ಇಲ್ಲಿಂದ ಆಚೆ ಹೋಗಿತ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಸಾರ್. ಇದು ನನ್ನ ಅನ್ನ. ಆಚೆ ಕೊಡ್ತೀನಾ?"

ಕಾನ್‌ಸ್ಟೇಬಲ್ ಅಷ್ಟರಲ್ಲಿ ಗೋಡೆಯ ಮೇಲಿನ ಮಾದರಿ ಫೋಟೊಗಳನ್ನೂ ಮೇಜಿನ ಮೇಲಿದ್ದ ಆ ತಿಂಗಳ ಪ್ರತಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿದ್ದಳು. "ಎರಡರ ಸಂಜೆಯಿಂದ ಹನ್ನೊಂದರವರೆಗೆ ಬಂದವರೆಲ್ಲ ಅವರವರ ಅಂಗೀಲಿದಾರೆ. ಸೆಖೆ ಇತ್ತಾ?"

ಸ್ಟುಡಿಯೋದವನು ಬಾಚಣಿಗೆಯ ದಾರ ಎಳೆದುಕೊಂಡ.

"ಒಂದೇ ಒಂದು ಸಲ ಸಾರ್. ರಿಜಿಸ್ಟರ್ ಮಾಮ ಕೇಳಿದ್ರು. ಒಬ್ಬರು ದೊಡ್ಡ ಜಾಗಕ್ಕೆ ಹೋಗೋರಿದಾರೆ, ಮೈಮೇಲೆ ಒಳ್ಳೇದೇನಾದ್ರೂ ಇರಲಿ ಅಂದ್ರು. ಅವರು ಕೇಳಿದ್ರೆ ಕಾರಣ ಕೇಳೋದುಂಟಾ? ನನ್ನ ಅಂಗಡಿ ಪರವಾನಗಿ ಅರ್ಜೀನೂ ಅವರೇ ಬರೆದುಕೊಟ್ಟಿದ್ದು."

"ವಾಪಸ್ ಯಾವಾಗ ಬಂತು?"

"ಹನ್ನೊಂದಕ್ಕೆ. ಇಸ್ತ್ರಿ ಮಾಡಿಸಿ ತಂದುಕೊಟ್ರು."

ಕೋಟನ್ನು ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. ದೂರು ಬರೆದವರೇ ಕೋಟು ಒಯ್ದವರು. ಇನ್ಸ್‌ಪೆಕ್ಟರ್‌ಗೆ ಈಗ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಕಳ್ಳನಾದವನು ಮೂರು ಪ್ರತಿಯಲ್ಲಿ ದೂರು ಬರೆದು ಠಾಣೆಗೆ ತರುವುದಿಲ್ಲ.

"ಈಗಲೇ ಹಿಡಿಯೋಣವಾ ಸಾರ್?" ದಫೇದಾರರು ಕೇಳಿದರು.

"ಹಿಡಿದು ಏನು ಕೇಳೋದು? ಹೋದವನು ಯಾರು ಅಂತ ಅವರು ಬಾಯಿ ಬಿಡದಿದ್ರೆ ಅಡುಗೆಯವನ ಕೆಲಸ ಆಗಲ್ಲ. ಮೊದಲು ಕಾಲು ಸಿಗಲಿ."

ಕಾಲು ಸಿಕ್ಕಿದ್ದು ಅಡುಗೆಯವನಿಂದಲೇ. ಸಂಜೆ 6.20ಕ್ಕೆ ವಿಮಾನ ನಿಲ್ದಾಣದ ಚಿತ್ರ ತೋರಿಸಿದಾಗ ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಗೊತ್ತಾ ಇವನು?"

"ಬಣ್ಣದವನು ಸಾರ್, ಗೋಡೆಗೆ ಬಣ್ಣ ಬಳಿಯೋನು. ನಮ್ಮ ದೇಶದವನೇ. ವಸತಿ ಸ್ಟೋರಿನ ಹಿಂದೆ ಮಲಗ್ತಿದ್ದ. ದಿನಾ ನನ್ನ ಹತ್ರ ಊಟಕ್ಕೆ ಬರ್ತಿದ್ದ. ಮೂರನೇ ತಾರೀಖಿಂದ ಬಂದಿಲ್ಲ."

"ನಿನ್ನೆ ಇಡೀ ದಿನ ಕೇಳಿದ್ದೀವಿ. ಇವನ ವಿಷಯ ಯಾಕೆ ಹೇಳಲಿಲ್ಲ?"

"ಅವನ ಹತ್ರ ಕಾಗದ ಇಲ್ಲ ಸಾರ್. ಪೊಲೀಸರ ಮುಂದೆ ಅವನ ಸುದ್ದಿ ಎತ್ತೋದು ಹೇಗೆ? ಎಲ್ಲೋ ಕೆಲಸ ಸಿಕ್ಕಿರಬೇಕು ಅಂದ್ಕೊಂಡೆ." ಚಿತ್ರವನ್ನು ಮತ್ತೊಮ್ಮೆ ಹತ್ತಿರ ಹಿಡಿದು ನೋಡಿದ. "ಕೋಟು ಹಾಕಿದ್ರೆ ನನ್ನ ಹಾಗೇ ಕಾಣ್ತಾನಲ್ಲ ಮುಂಡೇದು."

ಮಾರ್ಚ್ 19, ಗುರುವಾರ. ಮೂರು ಕಡೆಯಿಂದ ಮೂರು ಕಾಗದ ಬಂದವು.

ಒಂದು, ಅಂಚೆ ಕಚೇರಿಯಿಂದ. ಮಾರ್ಚ್ 11ರಂದು ವಿದೇಶದಿಂದ ಬಂದ ಪಾರ್ಸೆಲ್, ಪಡೆದವರು ಹಾಜರಿ ಗುಮಾಸ್ತರು. ಒಳಗಿನ ವಸ್ತು: ಹಳೆಯ ಕೋಟು ಒಂದು. ಪಾಸ್‌ಪೋರ್ಟಿಗೆ ರೆಕ್ಕೆ ಇರಲಿಲ್ಲ, ಕೋಟಿಗೆ ಒಳಜೇಬು ಇತ್ತು.

ಎರಡು, ಪರವಾನಗಿ ಕಚೇರಿಯಿಂದ. ಬಣ್ಣದವನು ಹನ್ನೊಂದು ಆಳುಗಳ ಸಣ್ಣ ಬಣ್ಣದ ಕಂಪನಿಯೊಂದರ ಕೆಲಸಗಾರ. ಹೋದ ವರ್ಷ ಜನವರಿ 30ರಂದು ಆ ಕಂಪನಿ ಮುಚ್ಚಿತು. ಹತ್ತು ಮಂದಿ ಬೇರೆ ಕಂಪನಿಗೆ ವರ್ಗವಾದರು. ಇವನ ಹೆಸರಿನ ಮುಂದೆ ‘ಪರಾರಿ’ ಎಂದಿದೆ. ಪರಾರಿ ಎಂದಾದವನು ಕೆಲಸ ಮಾಡುವಂತಿಲ್ಲ. ದೇಶ ಬಿಟ್ಟು ಹೋಗುವಂತೆಯೂ ಇಲ್ಲ, ಹೋಗಬೇಕಾದರೆ ಉದ್ಯೋಗದಾತರ ಬಿಡುಗಡೆ ಪತ್ರ ಬೇಕು. ಮುಚ್ಚಿದ ಕಂಪನಿಗೆ ಪತ್ರ ಕೊಡಲು ಯಾರೂ ಇಲ್ಲ. ‘ಪರಾರಿ’ ಎಂದು ನಮೂದಿಸಿದವರ ಸಹಿ ಕೆಳಗಿತ್ತು. ಕಟ್ಟಡ ಕಂಪನಿಯದೂ ಈ ಬಣ್ಣದ ಕಂಪನಿಯದೂ ಕಾಗದಪತ್ರ ನೋಡುತ್ತಿದ್ದವರು ಒಬ್ಬರೇ, ಹಾಜರಿ ಗುಮಾಸ್ತರು.

ಮೂರು, ಆಸ್ಪತ್ರೆಯಿಂದ. ಬಣ್ಣದವನು ಬಣ್ಣ ಬಳಿಯಲು ಕಟ್ಟಿದ ಸಾರುವೆಯಿಂದ ಬಿದ್ದು ಎಡಗಾಲು ಮುರಿದುಕೊಂಡು ಜನವರಿ 27ಕ್ಕೆ ದಾಖಲಾಗಿದ್ದ. ಉಕ್ಕಿನ ಪಟ್ಟಿ ಹಾಕಿ ಫೆಬ್ರವರಿ 19ಕ್ಕೆ ಮನೆಗೆ ಕಳಿಸಿದ್ದರು. ವರ್ಷದ ನಂತರ ಪಟ್ಟಿ ತೆಗೆಯಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಈ ವರ್ಷ ಫೆಬ್ರವರಿಯಲ್ಲಿ ಅವನು ನಾಲ್ಕು ಸಲ ಬಂದಿದ್ದಾನೆ. ನಾಲ್ಕು ಸಲವೂ ಕೌಂಟರಿನಲ್ಲಿ ಪರವಾನಗಿ ಕಾರ್ಡು ಕೇಳಿ ವಾಪಸ್ ಕಳಿಸಿದ್ದಾರೆ.

ಪರಾರಿಯಾದ ಎಂದು ಬರೆದ ದಿನ ಬಣ್ಣದವನು ಹನ್ನೆರಡನೇ ವಾರ್ಡಿನ ಆರನೇ ಹಾಸಿಗೆಯಲ್ಲಿ, ಕಾಲನ್ನು ಹಗ್ಗಕ್ಕೆ ತೂಗುಬಿಟ್ಟುಕೊಂಡು ಮಲಗಿದ್ದ.

ಮಾರ್ಚ್ 20, ಶುಕ್ರವಾರ, ಬೆಳಿಗ್ಗೆ 10.30. ಗುಮಾಸ್ತರ ಕೋಣೆಯ ಮೇಜು ಖಾಲಿಯಾಗಿತ್ತು. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿತ್ತು. ಕೀ ಗೊಂಚಲು ಮೇಲಿತ್ತು.

"ಕೂತ್ಕೊಳ್ಳಿ ಸಾರ್. ಯಾವ ಕೀ ಯಾವುದಕ್ಕೆ ಅಂತ ಪಟ್ಟಿ ಮಾಡಿಟ್ಟಿದ್ದೀನಿ. ಮುಂದೆ ಬರೋರಿಗೆ ಕಷ್ಟ ಆಗಬಾರದು."

"ಪಾಸ್‌ಪೋರ್ಟ್ ನೀವೇ ಕೊಟ್ರಾ?"

"ಹೌದು."

"ಕೋಟು?"

"ಅದೂ ನಾನೇ."

"ಬಣ್ಣದವನ ಹತ್ರ ಏನು ತಗೊಂಡ್ರಿ?"

"ಒಂದು ಮಾತು ತಗೊಂಡೆ. ಎರಡನ್ನೂ ವಾರದೊಳಗೆ ವಾಪಸ್ ಕಳಿಸ್ತೀನಿ ಅಂತ. ಕಳಿಸಿದ."

"ಮೂರನೇ ತಾರೀಖು ಅಡುಗೆಯವನಿಗೆ ಹಾಜರಿ ಹಾಕಿದ್ದೀರಿ. ರಜೆ ಅಂತ ಬರೆದಿದ್ರೆ ನಮಗೆ ತಲೆಬುಡ ಗೊತ್ತಾಗ್ತಿರಲಿಲ್ಲ."

ಗುಮಾಸ್ತರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಅವನು ಬಂದಿದ್ದ ಸಾರ್. ಬಂದವನಿಗೆ ರಜೆ ಅಂತ ಹೇಗೆ ಬರೀಲಿ?"

ದಫೇದಾರರು ಚಾವಣಿ ನೋಡಿದರು.

"ಅವನ ಪಾಸ್‌ಪೋರ್ಟೇ ಯಾಕೆ?"

"ಚಹರೆ ಹೋಲುತ್ತೆ. ಮತ್ತೆ ಅದರ ಅವಧಿ ಜೂನ್‌ಗೆ ಮುಗಿಯುತ್ತೆ. ಹೊಸ ಪುಸ್ತಕ ಬರುತ್ತೆ, ಹಳೇ ಮುದ್ರೆ ಯಾರೂ ನೋಡಲ್ಲ. ಪರವಾನಗಿಗೆ ಏನೂ ಆಗಲ್ಲ ಅಂದ್ಕೊಂಡೆ. ಯಾಕಂದ್ರೆ, ಒಬ್ಬ ದೇಶ ಬಿಟ್ಟ ಅಂತ ಪರವಾನಗಿ ಕಚೇರಿಗೆ ಗೊತ್ತಾಗೋದು ನಾನು ನಮೂನೆ ಕಳಿಸಿದಾಗ. ಹತ್ತೊಂಬತ್ತು ವರ್ಷ ಹಾಗೇ ನಡೆದಿದೆ. ನಾನು ಕಳಿಸದಿದ್ರೆ ಅವನು ಹೋಗಿಲ್ಲ, ಅಷ್ಟೇ."

"ಆದ್ರೆ?"

ಗುಮಾಸ್ತರು ಸುತ್ತೋಲೆಗಳ ಕಡತ ತೆಗೆದು ಕೊನೆಯ ಹಾಳೆ ತೋರಿಸಿದರು. ಫೆಬ್ರವರಿ 24ಕ್ಕೆ ತಲುಪಿದ್ದಕ್ಕೆ ಅವರದೇ ಸಹಿ. ಮುಂಬದಿಯಲ್ಲಿ ಶುಲ್ಕದ ವಿವರ ಮಾತ್ರವಿತ್ತು. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ನಾಲ್ಕು ಸಾಲು: ಮಾರ್ಚ್ 1ರಿಂದ, ಕಂಪನಿ ಮುಂಚಿತವಾಗಿ ರಜೆ ನಮೂದಿಸದ ಕೆಲಸಗಾರ ಗಡಿ ದಾಟಿದ ಕ್ಷಣದಲ್ಲೇ ಅವನ ಪರವಾನಗಿ ತಾನಾಗಿ ರದ್ದಾಗುತ್ತದೆ.

"ಯಾವತ್ತೂ ಒಂದೇ ಬದಿ ಮುದ್ರಿಸೋರು ಸಾರ್. ನಾನು ತೂತು ಹೊಡೆದು ಕಡತಕ್ಕೆ ಹಾಕಿಬಿಟ್ಟೆ. ಹದಿನಾರಕ್ಕೆ ಅರ್ಜಿ ವಾಪಸ್ ಬಂದಾಗ ತಿರುಗಿಸಿ ನೋಡಿದೆ."

ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದಳು. "ಆವಾಗಲೇ ಹೇಳಬಹುದಿತ್ತಲ್ಲ. ದೂರು ಬರೆದು ನಮ್ಮನ್ನ ನಾಲ್ಕು ದಿನ ಸುತ್ತಿಸಿದ್ದೇಕೆ?"

"ಬಣ್ಣದವನ ಕಾಲಿನ ಆಪರೇಷನ್ ಊರಲ್ಲಿ ಗುರುವಾರ ಇತ್ತಮ್ಮ. ಮಂಗಳವಾರವೇ ಹೇಳಿದ್ರೆ ನೀವು ಅಲ್ಲಿನ ಪೊಲೀಸರಿಗೆ ಸುದ್ದಿ ಕೊಡ್ತಿದ್ರಿ, ಹಾಸಿಗೆಯಿಂದ ಎಬ್ಬಿಸಿಕೊಂಡು ಹೋಗ್ತಿದ್ರು. ಹೇಳದೇ ಇದ್ರೆ ಸೋಮವಾರ ಇವನ ಸಂಸಾರ ಬೀದಿಗೆ. ಎಫ್‌ಐಆರ್ ಇಲ್ಲದೆ ಇವನ ಕೆಲಸ ಆಗಲ್ಲ. ಅದಕ್ಕೆ ದೂರು ಬರೆದೆ. ಉಳಿದಿದ್ದಕ್ಕೆ ನೀವೇ ಬರ್ತೀರಿ ಅಂತ ಗೊತ್ತಿತ್ತು. ಶನಿವಾರದೊಳಗೆ ಬರದಿದ್ರೆ ನಾನೇ ಬರೋನಿದ್ದೆ."

"ಆಪರೇಷನ್ ಆಯ್ತಾ?"

"ನಿನ್ನೆ ಸಂಜೆ ಆಯ್ತಂತೆ. ಪಟ್ಟಿ ತೆಗೆದಿದಾರೆ. ಕಾಲು ಉಳಿಯುತ್ತೆ ಅಂದಿದಾರೆ."

ಇನ್ಸ್‌ಪೆಕ್ಟರ್ ಪರವಾನಗಿ ಕಚೇರಿಯ ಕಾಗದವನ್ನು ಮೇಜಿನ ಮೇಲಿಟ್ಟರು. "ಆಸ್ಪತ್ರೇಲಿದ್ದವನನ್ನ ಪರಾರಿ ಅಂತ ಬರೆದವರೂ ನೀವೇ."

ಗುಮಾಸ್ತರು ಅದನ್ನು ಓದುವ ಅಗತ್ಯವಿಲ್ಲವೆಂಬಂತೆ ಪಕ್ಕಕ್ಕೆ ಸರಿಸಿದರು.

"ಕಂಪನಿ ಮುಚ್ಚೋ ನಮೂನೇಲಿ ಪ್ರತಿ ಆಳಿಗೂ ಮೂರು ಚೌಕ ಇದೆ ಸಾರ್. ವರ್ಗಾವಣೆ, ದೇಶ ಬಿಟ್ಟರು, ಪರಾರಿ. ಒಂದಕ್ಕೆ ಗುರುತು ಹಾಕದೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಬಿಡಲ್ಲ. ವರ್ಗಾವಣೆಗೆ ಆಳಿನ ಸಹಿ ಬೇಕು, ಅವನು ಆಸ್ಪತ್ರೇಲಿದ್ದ. ದೇಶ ಬಿಟ್ಟಿರಲಿಲ್ಲ. ಐದು ಗಂಟೆಗೆ ಕಚೇರಿ ಮುಚ್ಚುತ್ತೆ. ಕಳಿಸದಿದ್ರೆ ಉಳಿದ ಹತ್ತು ಜನರ ವರ್ಗಾವಣೆಯೂ ನಿಲ್ಲುತ್ತೆ. ಆಮೇಲೆ ಸ್ಟಾಂಪು ಹಾಕಿದ ಅರ್ಜಿ ಕೊಟ್ಟು ಸರಿಮಾಡಿಸಿದ್ರಾಯ್ತು ಅಂತ ಮೂರನೇ ಚೌಕ ಒತ್ತಿದೆ. ನಾಲ್ಕು ಐವತ್ತೆರಡಕ್ಕೆ."

ಮೇಜಿನ ಮೇಲಿನ ಕೊನೆಯ ಕಡತ ಆ ತಿದ್ದುಪಡಿ ಅರ್ಜಿಗಳದ್ದೇ ಆಗಿತ್ತು. ಹದಿಮೂರು ತಿಂಗಳಲ್ಲಿ ಹನ್ನೊಂದು ಅರ್ಜಿ. ಹನ್ನೊಂದರ ಮೇಲೂ ಒಂದೇ ಷರಾ: ‘ಉದ್ಯೋಗದಾತರ ಸಹಿಯೊಂದಿಗೆ ಸಲ್ಲಿಸುವುದು.’

11.15ಕ್ಕೆ ಬಂಧನದ ದಾಖಲೆ ಬರೆದರು. ಆರೋಪಿಯ ಸ್ವಂತ ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದಾಗ ಗುಮಾಸ್ತರು ಬೀರುವಿನ ಕಡೆ ಕೈ ತೋರಿಸಿದರು. ಅದೂ ಅಲ್ಲೇ ಇತ್ತು, ಕೊನೆಯ ಕಟ್ಟಿನಲ್ಲಿ. ಅವರೂ ಇಪ್ಪತ್ತೆರಡು ವರ್ಷಗಳ ಹಿಂದೆ ಗಾರೆ ಕೆಲಸಕ್ಕೆಂದು ಹೊರಗಿನಿಂದ ಬಂದವರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು?" ದಫೇದಾರರು ಕೇಳಿದರು.

"ಅಡುಗೆಯವನಿಗೆ ತಿಳಿಸಿ. ಸೋಮವಾರ ಐದರೊಳಗೆ ಹೋಗಬೇಕು ಅಂತ ನೆನಪಿಸಿ. ಅವನಿಗೆ ತಾರೀಖು ನೆನಪಿರಲ್ಲ."

ಅಡುಗೆಯವನು ಮಧ್ಯಾಹ್ನ ಠಾಣೆಗೆ ಬಂದ. ಕೈಯಲ್ಲಿ ಊಟದ ಡಬ್ಬಿ. ಲಾಕಪ್ಪಿನ ಸರಳಿನ ಮುಂದೆ ನಿಂತು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದ.

"ಏನು ಮಾಮ ನೀವು. ನನ್ನ ಮಗಳ ಮುಖ ನೆನಪಾಗಲಿಲ್ವಾ ನಿಮಗೆ?"

ಗುಮಾಸ್ತರು ಅಂಗಿಯ ಖಾಲಿ ಜೇಬು ಸರಿಮಾಡಿಕೊಂಡರು.

"ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಪಾಸ್‌ಪೋರ್ಟು."

"ಅದಕ್ಕೇ ಕೇಳಲಿಲ್ಲ. ಕೇಳಿದ್ರೆ ನೀನೂ ಇಲ್ಲಿ ಒಳಗಿರ್ತಿದ್ದೆ."

ಅಡುಗೆಯವನು ಡಬ್ಬಿಯನ್ನು ದಫೇದಾರರ ಕೈಗೆ ಕೊಟ್ಟ. "ಉಪ್ಪು ಸರಿ ಇದೆ ಅಂತ ಹೇಳಿ," ಎಂದು ಹೊರಟುಹೋದ.

ಮಾರ್ಚ್ 23, ಸೋಮವಾರ. ಪೊಲೀಸ್ ವರದಿ, ಎಫ್‌ಐಆರ್ ಪ್ರತಿ, ಎರಡು ಪಂಚನಾಮೆಗಳೊಂದಿಗೆ ಅಡುಗೆಯವನು ಬೆಳಿಗ್ಗೆಯೇ ಪರವಾನಗಿ ಕಚೇರಿಗೆ ಹೋದ. ಅವನ ಹಿಂದೆ ಹೆಂಡತಿ, ಮಗಳು. ಹನ್ನೆರಡಕ್ಕೆ ಅವನ ಸರದಿ ಬಂತು. ಕಿಟಕಿಯಲ್ಲಿದ್ದ ಅಧಿಕಾರಿ ಎಲ್ಲವನ್ನೂ ನೋಡಿ, ಸರಿಯಾಗಿದೆ, ಆದರೆ ತಿದ್ದುಪಡಿ ನಮೂನೆಗೆ ಕಂಪನಿಯ ಅಧಿಕೃತ ಸಹಿ ಬೇಕು ಎಂದ. ಕಡತದಲ್ಲಿ ಮಾದರಿ ಸಹಿ ಇದ್ದದ್ದು ಒಬ್ಬರದೇ. ಹಾಜರಿ ಗುಮಾಸ್ತರದು.

ಇನ್ಸ್‌ಪೆಕ್ಟರ್‌ಗೆ ಫೋನು ಹೋಯಿತು.

"ಅವರು ಕಸ್ಟಡೀಲಿದಾರೆ. ಅವರೇ ಆರೋಪಿ," ಇನ್ಸ್‌ಪೆಕ್ಟರ್ ಹೇಳಿದರು.

"ಅದು ನಮಗೆ ಸಂಬಂಧವಿಲ್ಲ ಸಾರ್. ಹೊಸಬರ ಸಹಿ ನೋಂದಾಯಿಸಬೇಕಾದ್ರೆ ಹದಿನೈದು ದಿನ. ಇವರಿಗೆ ಐದು ಗಂಟೆವರೆಗೆ ಸಮಯ ಇದೆ."

ನ್ಯಾಯಾಲಯದ ಅನುಮತಿ ಸಿಕ್ಕಿದ್ದು 3.35ಕ್ಕೆ. 4.30ಕ್ಕೆ ಠಾಣೆಯ ಜೀಪು ಪರವಾನಗಿ ಕಚೇರಿಯ ಮುಂದೆ ನಿಂತಿತು. ದಫೇದಾರರು ಗುಮಾಸ್ತರ ಕೈಕೋಳ ಬಿಚ್ಚಿದರು. ಗುಮಾಸ್ತರು ಕಿಟಕಿಯ ಮುಂದೆ ನಿಂತು ನಮೂನೆಯನ್ನು ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ಓದಿದರು. ದಫೇದಾರರ ಪೆನ್ನು ಕೇಳಿ ತೆಗೆದುಕೊಂಡು 4.41ಕ್ಕೆ ಸಹಿ ಮಾಡಿದರು.

ಹೊಸ ಪರವಾನಗಿಗೆ ಹೊಸ ಫೋಟೊ ಬೇಕಿತ್ತು. ಕೋಟು ಮುದ್ದೇಮಾಲಾಗಿ ಠಾಣೆಯಲ್ಲಿ ಮೊಹರಾಗಿದ್ದುದರಿಂದ ಅಡುಗೆಯವನು ಅಂಗಿಯಲ್ಲೇ ತೆಗೆಸಿಕೊಂಡಿದ್ದ. ಅಧಿಕಾರಿ ಫೋಟೊವನ್ನೂ ಅವನ ಮುಖವನ್ನೂ ಎರಡು ಸಲ ನೋಡಿ ತೆಗೆದುಕೊಂಡ.

ಹೊರಡುವ ಮುನ್ನ ಇನ್ಸ್‌ಪೆಕ್ಟರ್ ಅದೇ ಕಿಟಕಿಯಲ್ಲಿ, ಬಣ್ಣದವನು ದೇಶ ಬಿಟ್ಟಿದ್ದಾನೆಂದು ಈಗ ಪೊಲೀಸ್ ವರದಿಯೇ ಇದೆಯಲ್ಲ, ಅವನ ಹೆಸರಿನ ಮುಂದಿರುವುದನ್ನು ತಿದ್ದಬಹುದೇ ಎಂದು ಕೇಳಿದರು. ಅದಕ್ಕೆ ಬೇರೆ ನಮೂನೆ ಇದೆ, ಉದ್ಯೋಗದಾತರ ಸಹಿಯೊಂದಿಗೆ ಸಲ್ಲಿಸಬೇಕು ಎಂದು ಅಧಿಕಾರಿ ಉತ್ತರಿಸಿ, ಐದು ಗಂಟೆಗೆ ಕಿಟಕಿ ಮುಚ್ಚಿದ.

ಅಡುಗೆಯವನ ಪರವಾನಗಿ ಮರುದಿನ ಬೆಳಿಗ್ಗೆ 9.10ಕ್ಕೆ ನವೀಕರಣವಾಯಿತು. ಬಣ್ಣದವನ ಹೆಸರಿನ ಮುಂದೆ ಈಗಲೂ ‘ಪರಾರಿ’ ಎಂದೇ ಇದೆ.